ಗಾಳಿ ಮೇಸ್ತ್ರಿ

ಬೀದಿಯವರೆಲ್ಲ ಅವನನ್ನು ಗಾಳಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಾರಿನ ಟರ್ಬೊ ಕೆಟ್ಟರೆ ಅವನ ಶೆಡ್ಡಿಗೇ ಬರಬೇಕು. ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ಟರ್ಬೊದ ಒಂದು ಪುಟ್ಟ ಚಕ್ರ ಗಿರ್ರನೆ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಇಂಧನ ಹೆಚ್ಚು ಉರಿದು, ಏದುಸಿರು ಬಿಡುತ್ತಿದ್ದ ಕಾರು ಏರು ಹತ್ತುತ್ತದೆ. ಇದನ್ನು ವಿವರಿಸಲು ಕೂತನೆಂದರೆ ಗಿರಾಕಿಯ ಚಹಾ ತಣ್ಣಗಾದರೂ ಅವನ ಬಾಯಿಗೆ ಬಿಡುವಿರಲಿಲ್ಲ.

"ಗಾಳಿ ಸಿಕ್ಕಿದ್ರೆ ಎಂಥ ಮುದಿ ಎಂಜಿನ್ನೂ ಎದ್ದು ಓಡುತ್ತೆ ಕಣ್ರೀ," ಎನ್ನುತ್ತಿದ್ದ.

"ಹಾಗಾದ್ರೆ ನೀವೂ ಒಂದು ಕೂರಿಸ್ಕೊಳ್ಳಿ. ಅಂಗಡಿಗೆ ಹೋಗಿ ಬರೋಕೆ ಅರ್ಧ ದಿನ ಮಾಡ್ತೀರಲ್ಲ," ಎಂದು ಹೆಂಡತಿ ಕಾಲೆಳೆಯುತ್ತಿದ್ದಳು.

ಆ ಹೆಂಡತಿಗೇ ಉಸಿರು ಸಾಲದಾಯಿತು. ಶ್ವಾಸಕೋಶ ಸೋತಿದೆ ಎಂದ ಡಾಕ್ಟರು ಮನೆಯಲ್ಲೇ ಆಮ್ಲಜನಕದ ಯಂತ್ರ ಇಡಿಸಿದರು. ನರ್ಸ್ ಕೆಲಸದ ಮಗಳು ಅದರ ತಿರುಪನ್ನು ಕೆಳಗಿನ ಗೆರೆಗೆ ನಿಲ್ಲಿಸಿ, "ಅಪ್ಪಾ, ಜಾಸ್ತಿ ಕೊಟ್ರೆ ಅಮ್ಮನಿಗೆ ಒಳ್ಳೇದಲ್ಲ. ಮುಟ್ಟಬೇಡಿ," ಎಂದು ಹೇಳಿ ಹೋಗುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ. ಆಸ್ಪತ್ರೆಯವರಿಗೆ ಎಲ್ಲದಕ್ಕೂ ಭಯ ಎಂಬುದು ಅವನ ಒಳಗಿನ ಮಾತು.

ಒಂದು ಮಧ್ಯಾಹ್ನ ಹೆಂಡತಿಗೆ ಒಂದು ಮಾತು ಮುಗಿಸುವಷ್ಟೂ ಉಸಿರಿರಲಿಲ್ಲ. "ಸ್ವಲ್ಪ... ಗಾಳಿ..." ಎಂದಳು. ಅವನು ಯಂತ್ರದತ್ತ ಧಾವಿಸಿದ. ತಿರುಪನ್ನು ತುದಿಯವರೆಗೂ ತಿರುಗಿಸಿಬಿಟ್ಟ.

ಕೊಂಚ ಹೊತ್ತಿಗೆ ಅವಳ ಹುಬ್ಬಿನ ಗಂಟು ಬಿಚ್ಚಿತು, ಕೆನ್ನೆಗೆ ಬಣ್ಣ ಬಂತು, ಕಣ್ಣುಗಳು ಮುಚ್ಚಿಕೊಂಡವು. ಎಷ್ಟು ದಿನಗಳ ಮೇಲೆ ಇಂಥ ನಿದ್ದೆ! ಪಾಪ, ಅವನು ಹಿಗ್ಗಿ ಹೀರೆಕಾಯಿಯಾದ. ಪಕ್ಕದ ಮನೆಯವರಿಗೆ ರೇಡಿಯೊ ಸಣ್ಣಗೆ ಮಾಡಲು ಹೇಳಿ ಬಂದು, ಅವಳ ಮುಖದ ಮೇಲೆ ನೊಣ ಕೂರದಂತೆ ಬೀಸುತ್ತಾ ಕೂತ.

ಅದು ನಿದ್ದೆಯಾಗಿರಲಿಲ್ಲ. ಅಂಥ ಶ್ವಾಸಕೋಶಕ್ಕೆ ಆಮ್ಲಜನಕ ಮಿತಿಮೀರಿದರೆ ಕೆಟ್ಟ ಗಾಳಿ ಒಳಗೇ ಉಳಿದು ಮಂಪರು ಕವಿಯುತ್ತದೆ, ಉಸಿರು ಮಂದವಾಗುತ್ತಾ ಹೋಗುತ್ತದೆ.

ಸಂಜೆ ಮಗಳು ಬಂದು ಅಮ್ಮನನ್ನು ಕರೆದಳು, ಅಲುಗಾಡಿಸಿದಳು, ನಾಡಿ ಹುಡುಕಿದಳು. ಆಮೇಲೆ ಯಂತ್ರ ನೋಡಿದಳು.

"ಆರಾಮಾಗಿ ಮಲಗಿದ್ದಾಳೆ, ಎಬ್ಬಿಸ್ಬೇಡಮ್ಮ," ಎಂದ ಅವನು.

ಮಗಳು ತಿರುಪನ್ನು ಮೆಲ್ಲಗೆ ಕೆಳಗಿನ ಗೆರೆಗೆ ತಂದಳು. ಅದನ್ನು ಕಂಡಾಗಲೇ ಅವನಿಗೆ ಎಲ್ಲ ಅರ್ಥವಾಯಿತು.

ಅವನ ಕೂಗು ಕೇಳಿ ಪಕ್ಕದ ಮನೆಯವರು ಓಡಿ ಬಂದರು. ನಡೆದದ್ದನ್ನು ಹೇಳಲು ಅವನು ಬಾಯಿ ತೆರೆದ. ಮಗಳು ಅವನ ಕೈಯನ್ನು ಬಲವಾಗಿ ಹಿಡಿದು, ತಾನೇ ಮಾತಾಡಿದಳು: "ನಿದ್ದೇಲೇ ಹೋದ್ಲು. ಅಪ್ಪ ಪಕ್ಕದಲ್ಲೇ ಇದ್ರು."

ಬಂದವರು ಹೋಗುವವರೆಗೂ ಅವಳು ಆ ಕೈ ಬಿಡಲಿಲ್ಲ. ಅವನ ಮುಖವನ್ನು ಮಾತ್ರ ನೋಡಲಿಲ್ಲ.