ಹೀಟರ್ ಹಾಕದೆ ಬಂದ ದಿನ

ದಿಲ್ಲಿಯ ವಸಂತ್ ಕುಂಜ್‌ನ ನಮ್ಮ ಮನೆ ಇದ್ದದ್ದು ಎರಡನೆಯ ಮಹಡಿಯಲ್ಲಿ. ಹಗ್ಗ ಕಟ್ಟಿದ ಬುಟ್ಟಿಯನ್ನು ಬಾಲ್ಕನಿಯಿಂದ ಇಳಿಸಿ ತರಕಾರಿ ಭಯ್ಯಾನಿಂದ ಕೊತ್ತಂಬರಿ, ಟೊಮೆಟೊ ಏರಿಸಿಕೊಳ್ಳುವುದು ಅಲ್ಲಿನ ಹೆಂಗಸರೆಲ್ಲರ ಅಭ್ಯಾಸ. ಆ ಬ್ಲಾಕಿನಲ್ಲಿ ಅದೇ ಬುಟ್ಟಿಯೊಳಗೆ ಕರೆಂಟಿನ ವೈರನ್ನೂ ಇಳಿಸುತ್ತಿದ್ದವರು ನಾವೊಬ್ಬರೇ.

ನನ್ನ ಗಂಡ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿದ್ದರು. ಎಲ್ಲರೂ ಬೇಡ ಎಂದರೂ ಕೇಳದೆ ಆ ಪುಟ್ಟ ಎಲೆಕ್ಟ್ರಿಕ್ ಕಾರನ್ನು ತಂದರು. ಎರಡೇ ಬಾಗಿಲು. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತರೆ ಕೂರಬಹುದು, ದೊಡ್ಡವರಾದರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಸಂಜೆ ಅವರು ಕಚೇರಿಯಿಂದ ಬಂದು ಬಾಲ್ಕನಿಯ ಕೆಳಗೆ ಕಾರು ನಿಲ್ಲಿಸಿ ಒಂದು ಸಲ ಹಾರನ್ ಒತ್ತುತ್ತಿದ್ದರು. ನಾನು ಬುಟ್ಟಿ ಇಳಿಸುತ್ತಿದ್ದೆ. ಅವರು ವೈರಿನ ತುದಿಯನ್ನು ಕಾರಿಗೆ ಸಿಕ್ಕಿಸಿ ತಲೆಯೆತ್ತಿ "ಹಾಕಿದೆ" ಎನ್ನುತ್ತಿದ್ದರು. ನಾನು ಒಳಗೆ ಹೋಗಿ ಸ್ವಿಚ್ ಒತ್ತಿ ಬಂದು "ಬಂತೇನ್ರೀ?" ಎಂದು ಕೇಳುತ್ತಿದ್ದೆ. "ಬಂತು ಕಣೇ" ಎಂದ ಮೇಲೆ ಬುಟ್ಟಿಯಲ್ಲಿ ಅವರ ಟಿಫಿನ್ ಡಬ್ಬಿ ಮೇಲೆ ಬರುತ್ತಿತ್ತು. ಎದುರು ಬ್ಲಾಕಿನ ಪಂಜಾಬಿ ಅಜ್ಜಿ ದಿನವೂ ಅದನ್ನು ನೋಡುತ್ತಾ ಕೂತಿರುತ್ತಿದ್ದರು. "ಗಾಡಿಗೆ ಗ್ಲೂಕೋಸ್ ಏರಿಸಾಯ್ತೇನಮ್ಮಾ?" ಎಂದು ಹಿಂದಿಯಲ್ಲಿ ಕೂಗಿ ಕೇಳಿ ತಾವೇ ನಗುತ್ತಿದ್ದರು.

ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರ್ ಓಡುತ್ತದೆ ಎಂದು ಮಾರಿದವರು ಹೇಳಿದ್ದರು. ನಮಗೆ ಯಾವತ್ತೂ ಅಷ್ಟು ಓಡಲಿಲ್ಲ. ಮೊದಲ ಬೇಸಿಗೆಯಲ್ಲಿ ಏಸಿ ಹಾಕಿಕೊಂಡು ಹೋದಾಗ ಅದರ ಅರ್ಧಕ್ಕೇ ಚಾರ್ಜ್ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ನನಗೆ ಮೋಸ ಹೋದೆವು ಅನ್ನಿಸಿತು. ಅವರಿಗೆ ಹಾಗೆ ಅನ್ನಿಸಲಿಲ್ಲ.

"ಅವರ ಲೆಕ್ಕದ ಕಾರಿನಲ್ಲಿ ಒಬ್ಬನೇ ಇರ್ತಾನೆ ಕಣೇ. ರಸ್ತೆ ಸಪಾಟು. ಸೆಕೆ ಇಲ್ಲ, ಚಳಿ ಇಲ್ಲ, ಸಿಗ್ನಲ್ ಇಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಏಸಿ ಹಾಕಿ ಅನ್ನಲ್ಲ."

"ಹಾಗಾದ್ರೆ ನಾನು ಇಳಿದು ಬಸ್ಸಿನಲ್ಲಿ ಬರ್ತೀನಿ ಬಿಡಿ."

"ಬೇಡ ಬೇಡ. ನೀನು ಇರು, ಏಸಿ ಇಳಿಸೋಣ."

ಅಂದಿನಿಂದ ನಾವು ಕಿಟಕಿ ತೆಗೆದುಕೊಂಡು ಓಡಾಡಿದೆವು. ಮಗಳು ಗ್ರೇಟರ್ ನೋಯ್ಡಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು. ರಜಕ್ಕೆ ಬಂದಾಗಲೆಲ್ಲ ಹಿಂದಿನ ಸೀಟಿನಿಂದ ಗೊಣಗುತ್ತಿದ್ದಳು. "ಪಪ್ಪಾ, ಪ್ಲೀಸ್, ಕಿತನೀ ಗರ್ಮೀ ಹೈ! ಇದು ಕಾರಾ, ಓವನ್ನಾ?" ಅವಳ ಹಾಸ್ಟೆಲಿಗೆ ನಾವು ಆ ಕಾರಿನಲ್ಲಿ ಒಮ್ಮೆಯೂ ಹೋಗಲಿಲ್ಲ. ಹೋಗುವಷ್ಟು ಚಾರ್ಜ್ ಇರುತ್ತಿತ್ತು, ವಾಪಸ್ಸು ಬರುವಷ್ಟು ಇರುತ್ತಿರಲಿಲ್ಲ.

ನನಗೆ ಕಾರು ಓಡಿಸಲು ಕಲಿಸಿದ್ದೂ ಅವರೇ. ಗೇರ್ ಇಲ್ಲ, ಕ್ಲಚ್ ಇಲ್ಲ, ಹಾಗಾಗಿ ಆ ವಯಸ್ಸಿನಲ್ಲೂ ಕಲಿತೆ. ಅವರ ಪಾಠವೆಲ್ಲ ಬಲಗಾಲಿನದು. ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಕಾಲು ತೆಗೆಯಬೇಕು. ಕಾರು ತಾನಾಗಿ ನಿಧಾನವಾಗುತ್ತಾ ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಬ್ರೇಕ್ ಒತ್ತಿ ನಿಲ್ಲಿಸಿದರೆ ಅಷ್ಟೂ ವ್ಯರ್ಥ. ಏರು ಬಂದಾಗ ಅವಸರ ಮಾಡಬಾರದು, ಇಳಿಜಾರಿನಲ್ಲಿ ಕಾಲಿಗೆ ಕೆಲಸವೇ ಇರಬಾರದು. ದಿಲ್ಲಿ ಸಪಾಟು ಊರು ಎಂದು ನಾನು ಇಪ್ಪತ್ತು ವರ್ಷ ತಿಳಿದುಕೊಂಡಿದ್ದೆ. ಆ ಕಾರು ಓಡಿಸಲು ಶುರುಮಾಡಿದ ಮೇಲೆ ಎಲ್ಲಿ ನೆಲ ಏರುತ್ತದೆ, ಎಲ್ಲಿ ಇಳಿಯುತ್ತದೆ ಎನ್ನುವುದು ಕಾಲಿಗೆ ಗೊತ್ತಾಗತೊಡಗಿತು.

ಅವರ ಕಿಡ್ನಿ ಕೆಟ್ಟದ್ದು ಕಾರಿನ ಬ್ಯಾಟರಿಗಳೂ ಹಳೆಯವಾಗುತ್ತಿದ್ದ ಹೊತ್ತಿಗೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಸ್ಪತ್ರೆ ಊರಿನ ಇನ್ನೊಂದು ಬದಿಯಲ್ಲಿ. ಧೌಲಾ ಕುಆಂ ದಾಟಿ, ಕಾಡಿನ ನಡುವಿನ ರಿಡ್ಜ್ ರಸ್ತೆ ಹಿಡಿದು ಹೋಗಬೇಕು. ಮೊದಲು ಒಂದೆರಡು ಸಲ ಆಟೋದಲ್ಲಿ ಹೋದೆವು. ಡಯಾಲಿಸಿಸ್ ಮುಗಿದ ಮೇಲೆ ಅವರಿಗೆ ಆ ಕುಲುಕಾಟ, ಹೊಗೆ ತಡೆಯಲಾಗುತ್ತಿರಲಿಲ್ಲ. ದಾರಿಯಲ್ಲೇ ವಾಂತಿಯಾಯಿತು. ಅದಕ್ಕಿಂತ ಅವರನ್ನು ಹೆಚ್ಚು ನೋಯಿಸಿದ್ದು ಆಟೋದವನು ಮುಖ ಸಿಂಡರಿಸಿದ್ದು.

"ನಮ್ಮ ಕಾರಿನಲ್ಲೇ ಹೋಗಿ, ನಮ್ಮ ಕಾರಿನಲ್ಲೇ ಮನೆಗೆ ಬರೋಣ," ಎಂದರು. "ಸದ್ದಿಲ್ಲ, ಹೊಗೆಯಿಲ್ಲ. ನೀನು ಓಡಿಸು."

ಹಾಗೆ ನಮ್ಮ ಜಾಗಗಳು ಅದಲುಬದಲಾದವು. ನಾನು ಸ್ಟೇರಿಂಗ್ ಹಿಡಿದೆ, ಅವರು ಪಕ್ಕದಲ್ಲಿ ಕೂತರು. ಸಂಜೆ ಅವರನ್ನು ನಿಧಾನವಾಗಿ ಮೇಲೆ ಹತ್ತಿಸಿ, ನಾನು ಮತ್ತೆ ಕೆಳಗೆ ಬರುತ್ತಿದ್ದೆ. ಅವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಬುಟ್ಟಿ ಇಳಿಸುತ್ತಿದ್ದರು. ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. "ಹಾಕಿದೆಯೇನೇ?" ಎಂದು ಈಗ ಅವರು ಕೇಳುತ್ತಿದ್ದರು. "ಬಂತು" ಎಂದು ನಾನು ಹೇಳುತ್ತಿದ್ದೆ.

ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಹೇಗೋ ನಡೆಯಿತು. ಮನೆಗೆ ಬರುವ ಹೊತ್ತಿಗೆ ಮುಳ್ಳು ಕೆಂಪಿನಿಂದ ಸ್ವಲ್ಪ ಮೇಲೆ ಇರುತ್ತಿತ್ತು. ಚಳಿಗಾಲ ಬಂದಾಗ ಕಷ್ಟ ಶುರುವಾಯಿತು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಅದೇ ಚಳಿಯಲ್ಲಿ ಡಯಾಲಿಸಿಸ್ ಮುಗಿಸಿ ಬಂದ ಅವರ ಕೈಕಾಲು ಮಂಜುಗಡ್ಡೆಯ ಹಾಗೆ ಇರುತ್ತಿತ್ತು. ಹೀಟರ್ ಹಾಕಿದರೆ ಅವರು ಬೆಚ್ಚಗಾಗುತ್ತಿದ್ದರು, ಮುಳ್ಳು ಕಣ್ಣೆದುರಿಗೇ ಇಳಿಯುತ್ತಿತ್ತು. ಹಾಕದಿದ್ದರೆ ಚಾರ್ಜ್ ಉಳಿಯುತ್ತಿತ್ತು, ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಮನೆ ಮುಟ್ಟುವವರೆಗೆ ಹೀಟರ್ ನಡೆಯಬೇಕು, ಹೀಟರ್ ನಡೆದೂ ಮನೆ ಮುಟ್ಟಬೇಕು. ಆ ಚಳಿಗಾಲದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ನಾನು ಹೀಟರಿನ ಗುಂಡಿ ತಿರುಗಿಸುತ್ತಿದ್ದೆ. ಅವರು ಶಾಲಿನೊಳಗಿನಿಂದ ಕೈ ತೆಗೆದು ಆರಿಸುತ್ತಿದ್ದರು.

"ಚಳಿ ಇಲ್ಲ ಕಣೇ ನನಗೆ."

"ಹಲ್ಲು ಯಾಕೆ ಕಡೀತಿದೀರಿ ಮತ್ತೆ?"

"ನಿನ್ನ ಡ್ರೈವಿಂಗ್ ನೋಡಿ."

ನಾನು ಮತ್ತೆ ಹಾಕುತ್ತಿದ್ದೆ. ಹತ್ತು ಮಾರು ಹೋಗುವಷ್ಟರಲ್ಲಿ ಅವರು ಮತ್ತೆ ಆರಿಸುತ್ತಿದ್ದರು. ಧೌಲಾ ಕುಆಂವರೆಗೂ ಇದೇ ಜಗಳ.

ಚಾರ್ಜ್ ಉಳಿಸಲು ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಹಿಂದಿನ ಸೀಟಿನ ಮೇಲಿದ್ದ ಛತ್ರಿ, ಹಳೆಯ ಪತ್ರಿಕೆಗಳು, ನೀರಿನ ಕ್ಯಾನು, ಎಲ್ಲವನ್ನೂ ಇಳಿಸಿದೆ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಕಾರು ಎಳೆಯುತ್ತದೆಂದು ಹೋಗುವಾಗಲೆಲ್ಲ ಪಂಪಿನಲ್ಲಿ ನಿಲ್ಲಿಸಿ ನೋಡಿಸುತ್ತಿದ್ದೆ. ಆಸ್ಪತ್ರೆಯ ಪಾರ್ಕಿಂಗ್‌ನವನನ್ನು ಕೇಳಿಯೂ ನೋಡಿದೆ. "ಭಯ್ಯಾ, ನಿಮ್ಮ ಗೂಡಿನಲ್ಲಿ ಒಂದು ಪ್ಲಗ್ ಪಾಯಿಂಟ್ ಇದೆಯಲ್ಲ, ಎರಡು ಗಂಟೆ ಕೊಡ್ತೀರಾ?"

ಅವನು ಕಾರಿನ ಸುತ್ತ ಒಂದು ಸುತ್ತು ಬಂದ. "ಆಂಟೀಜಿ, ಇದಕ್ಕೆ ಪ್ಲಗ್ ಯಾಕೆ? ಹಿಂದೆ ಚಾವಿ ಇರಬೇಕು ನೋಡಿ, ತಿರುಗಿಸಿ ಬಿಟ್ಟರೆ ಓಡುತ್ತೆ." ಅವನ ಜೊತೆಯವರೆಲ್ಲ ನಕ್ಕರು. ನನ್ನವರೂ ಒಳಗೆ ಕೂತು ನಕ್ಕರು. ಮರುವಾರದಿಂದ ಅವನು ನಮಗಾಗಿ ಗೋಡೆ ಪಕ್ಕದ ಬಿಸಿಲಿನ ಜಾಗ ಹಿಡಿದಿಡುತ್ತಿದ್ದ. ಪ್ಲಗ್ ಮಾತ್ರ ಸಿಗಲಿಲ್ಲ. ಅದರಲ್ಲಿ ಆ ಪಾರ್ಕಿಂಗ್ ಹುಡುಗರ ಚಹಾದ ಕೆಟಲ್ ಇರುತ್ತಿತ್ತು.

ಒಂದು ಸಂಜೆಯದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಯಾರೋ ದೊಡ್ಡವರು ಹೋಗುತ್ತಾರೆಂದು ಪೊಲೀಸರು ರಸ್ತೆ ನಿಲ್ಲಿಸಿದ್ದರು. ಬಿಟ್ಟಾಗ ಮಂಜು ಕವಿದಿತ್ತು. ಹೆಡ್‌ಲೈಟ್ ಹಾಕಲೇಬೇಕು, ವೈಪರ್ ಹಾಕಲೇಬೇಕು, ಹೀಟರ್ ಅಂತೂ ನಡೆದೇ ಇತ್ತು. ರಿಡ್ಜ್ ರಸ್ತೆಯ ಏರಿಗೆ ಬರುವ ಹೊತ್ತಿಗೆ ಮುಳ್ಳು ಕೆಂಪಿನೊಳಗೆ ಇತ್ತು. ಕಾಲು ಪೂರ್ತಿ ಒತ್ತಿದರೂ ಕಾರು ತೆವಳುತ್ತಿತ್ತು. ಹಿಂದಿನ ಬಸ್ಸಿನವನು ಹಾರನ್ ಮೇಲಿಂದ ಕೈ ತೆಗೆಯಲೇ ಇಲ್ಲ.

ಅವರು ಹೀಟರ್ ಆರಿಸಿದರು. ಆಮೇಲೆ ಬಾಗಿಲ ಹಿಡಿಗೆ ಕೈ ಹಾಕಿದರು.

"ನಿಲ್ಲಿಸು. ನಾನು ಇಳಿದು ಮೆಲ್ಲಗೆ ನಡೆದು ಬರ್ತೀನಿ. ಏರು ಮುಗಿದ ಮೇಲೆ ಹತ್ತಿಸ್ಕೋ."

"ಇಳಿದರೆ ನೋಡಿ!"

"ಭಾರ ಕಡಿಮೆ ಆಗುತ್ತೆ ಕಣೇ."

"ಎಲ್ಲಿದೆ ನಿಮ್ಮಲ್ಲಿ ಭಾರ? ಸುಮ್ಮನೆ ಕೂತ್ಕೊಳ್ಳಿ!"

ಅಷ್ಟು ಜೋರಾಗಿ ನಾನು ಅವರ ಮೇಲೆ ಕೂಗಿದ್ದು ಅದೇ ಮೊದಲು. ಅವರು ಬಾಗಿಲಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. "ಅದೂ ನಿಜ. ನಾನು ಸೊರಗಿ ಇಳಿದಷ್ಟೂ ನಿನಗೆ ಚಾರ್ಜ್ ಉಳೀಬೇಕಿತ್ತು, ಲೆಕ್ಕ ತಪ್ಪಿದೆ," ಎಂದರು. ಏರು ಮುಗಿಯಿತು. ಇಳಿಜಾರಿನಲ್ಲಿ ನಾನು ಕಾಲು ತೆಗೆದೆ. ಕಾರು ತಾನೇ ಉರುಳಿತು, ಸಿಕ್ಕಷ್ಟು ಕರೆಂಟು ವಾಪಸ್ಸು ಬಂತು. ಅಂತೂ ಮನೆ ಮುಟ್ಟಿದೆವು. ಅವರು ಬಾಲ್ಕನಿಗೆ ಹೋಗಿ ಕೂತು, ಶಾಲು ಹೊದ್ದುಕೊಂಡೇ ಬುಟ್ಟಿ ಇಳಿಸಿದರು.

ಜನವರಿ ಮುಗಿಯುವುದರೊಳಗೆ ಒಂದು ಬೆಳಿಗ್ಗೆ ಡಯಾಲಿಸಿಸ್ ನಡುವೆಯೇ ಅವರಿಗೆ ಉಸಿರು ಕಟ್ಟಿತು. ಡಾಕ್ಟರು ಐಸಿಯುವಿಗೆ ಸೇರಿಸಿಕೊಂಡರು. ಮನೆಗೆ ಹೋಗಿ ಬಟ್ಟೆ, ಹಳೆಯ ರಿಪೋರ್ಟುಗಳನ್ನೆಲ್ಲ ತನ್ನಿ ಎಂದರು. ನನ್ನನ್ನು ಒಳಗೆ ಬಿಟ್ಟಾಗ ನನ್ನವರ ಬಾಯಿ ಮೇಲೆ ಮಾಸ್ಕ್ ಇತ್ತು. ಅದನ್ನು ಸ್ವಲ್ಪ ಸರಿಸಿ, "ಹೀಟರ್ ಹಾಕ್ಕೊಂಡು ಹೋಗು. ಈಗ ನಿನ್ನ ಜೊತೆ ಜಗಳ ಆಡೋಕೆ ಯಾರೂ ಇಲ್ಲ," ಎಂದರು. ನರ್ಸ್ ಗದರಿ ಮಾಸ್ಕ್ ಸರಿಮಾಡಿದಳು.

ಮಧ್ಯಾಹ್ನ ಒಬ್ಬಳೇ ಕಾರು ತೆಗೆದೆ. ಪಾರ್ಕಿಂಗ್‌ನವನು "ಅಂಕಲ್‌ಜಿ?" ಎಂದ. ನಾನು ಆಸ್ಪತ್ರೆಯ ಕಡೆ ಕೈ ತೋರಿಸಿದೆ. ಅವನು ಗೇಟು ತೆಗೆದ.

ಹೇಗೆ ಮನೆಗೆ ಬಂದೆನೋ ನೆನಪಿಲ್ಲ. ಏರು ಯಾವಾಗ ಬಂತು, ಯಾವಾಗ ಇಳಿಯಿತು, ಕಾಲಿಗೆ ತಿಳಿದಿರಬೇಕು. ಬಾಲ್ಕನಿಯ ಕೆಳಗೆ ಕಾರು ನಿಲ್ಲಿಸಿದಾಗ ಮುಳ್ಳು ಕಣ್ಣಿಗೆ ಬಿತ್ತು. ಅರ್ಧಕ್ಕಿಂತ ಮೇಲೆ ನಿಂತಿತ್ತು. ಇಡೀ ಚಳಿಗಾಲ ಅದು ಅಲ್ಲಿ ನಿಲ್ಲಲಿ ಎಂದು ನಾನು ಬೇಡಿಕೊಂಡಿದ್ದೆ.

ಬ್ಯಾಟರಿಗೆ ಏನಾಯಿತು ಎಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ಹೀಟರಿನ ಗುಂಡಿ ನೋಡಿದೆ. ನಾನು ಅದನ್ನು ಹಾಕಿಯೇ ಇರಲಿಲ್ಲ. ಬೆಚ್ಚಗಿಡಬೇಕಾದವರು ಪಕ್ಕದಲ್ಲಿ ಇರಲಿಲ್ಲ, ಕೈ ಅತ್ತ ಹೋಗಲೇ ಇಲ್ಲ.

ಕಾರಿನಿಂದ ಇಳಿದು ತಲೆಯೆತ್ತಿ ನೋಡುತ್ತಾ ನಿಂತೆ. ಬಾಲ್ಕನಿಯಲ್ಲಿ ಖಾಲಿ ಕುರ್ಚಿ, ಸರಳಿಗೆ ಕಟ್ಟಿದ ಬುಟ್ಟಿ. ಎದುರು ಬ್ಲಾಕಿನ ಅಜ್ಜಿ ಬಿಸಿಲಿಗೆ ಕೂತಿದ್ದರು. ನನ್ನನ್ನು ನೋಡಿದರು, ಮೇಲೆ ನೋಡಿದರು. ಗ್ಲೂಕೋಸಿನ ಮಾತು ಆಡಲಿಲ್ಲ.

ಆ ವಾರವೇ ಅವರು ಹೋದರು. ಮನೆಗೆ ಬಂದದ್ದು ದೊಡ್ಡ ಬಿಳಿ ಗಾಡಿಯಲ್ಲಿ, ಬೇರೆಯವರು ಓಡಿಸಿಕೊಂಡು. ನಮ್ಮ ಕಾರಿನಲ್ಲೇ ಮನೆಗೆ ಬರಬೇಕೆಂಬ ಅವರ ಮಾತು ನಡೆಯಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳು ಕೆಲವು ದಿನ ನನ್ನ ಜೊತೆ ಉಳಿದಳು. ಒಂದು ದಿನ ಮುಳ್ಳಿನ ವಿಷಯ ಅವಳಿಗೆ ಹೇಳಿದೆ. ಅವಳು ಓದಿದವಳಲ್ಲವೇ, ಯೋಚಿಸಿ ಹೇಳಿದಳು. "ಅಮ್ಮಾ, ಮಧ್ಯಾಹ್ನ ಧೂಪ್, ಬಿಸಿಲು ಇತ್ತಲ್ಲ, ಬ್ಯಾಟರಿ ಬೆಚ್ಚಗಿತ್ತು. ಲೈಟ್ ಬೇಕಾಗಿರಲಿಲ್ಲ. ಹೀಟರ್ ಕೂಡ ಆಫ್. ಇಟ್ಸ್ ಲಾಜಿಕಲ್." ಅಷ್ಟು ಹೇಳಿ ನನ್ನ ಮುಖ ನೋಡಿ ಹತ್ತಿರ ಸರಿದು ಕೂತಳು.

ಅವಳು ಹೇಳಿದ್ದು ಸರಿ. ಆ ಕಾರು ಅಷ್ಟು ದೂರ ಓಡುತ್ತದೆ ಎಂದು ಮಾರಿದವರು ಹೇಳಿದ್ದೂ ಸುಳ್ಳಲ್ಲ. ಒಬ್ಬರೇ ಕೂತರೆ ಓಡುತ್ತದೆ. ಆಮೇಲೆ ಎರಡು ಚಳಿಗಾಲ ನಾನು ಅದನ್ನು ಓಡಿಸಿದೆ. ಚಾರ್ಜ್ ಸಾಕಷ್ಟು ಉಳಿಯುತ್ತಿತ್ತು. ಆಗ ಮಾರ್ಕೆಟ್ಟಿಗೆ ಹೋದರೂ ಹೀಟರ್ ಹಾಕಿಕೊಂಡೇ ಹೋಗುತ್ತಿದ್ದೆ. ಎಡಗಡೆಯ ಸೀಟಿನ ಕಡೆಗೆ ಗಾಳಿ ತಿರುಗಿಸಿ.