ಆಯಿಗೆ ನಿಜ ಹೇಳಿದ ಹುಡುಗಿ

ಕಳೆದ ಭಾನುವಾರ ಲಿಂಗಂಪಲ್ಲಿಯ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಮಗನ ಕೈಯಿಂದ ಫೋನ್ ಕಸಿದುಕೊಂಡಳು.

ಆಗಿದ್ದಿಷ್ಟೇ. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ ಆಗಬೇಕು. ಆಸ್ಪತ್ರೆಯಿಂದ ಫೋನ್ ಬಂತು. ಅಲ್ಲಿಯವರೆಗೆ ನಮ್ಮ ಜೊತೆ ಕನ್ನಡದಲ್ಲಿ ಹರಟುತ್ತಿದ್ದ ಮಗ ಶಿವಾನಂದ ಥಟ್ಟನೆ ತೆಲುಗಿಗೆ ಹೊರಳಿ, ದನಿ ಇಳಿಸಿ, ಬಾಲ್ಕನಿ ಕಡೆ ನಡೆದ. ಅಜ್ಜಿ ಹಿಂದೆಯೇ ಹೋಗಿ ಫೋನ್ ಕಿತ್ತುಕೊಂಡಳು.

"ಆ ಡಾಕ್ಟ್ರು ಏನಂದ್ರು, ಒಂದೂ ಬಿಡದಂಗ ಕನ್ನಡದಾಗ ಹೇಳು ಶಿವೂ. ಕಣ್ಣ ನಂದೈತಿ, ನಿಂದಲ್ಲ."

ನನಗೆ ನಗು ಬಂತು. ಆದರೆ ಶಿವಾನಂದನ ಹೆಂಡತಿ ಸುನಂದಾ ನಗಲಿಲ್ಲ. ಗೋಡೆಯ ಮೇಲಿನ ಫೋಟೋ ನೋಡಿದಳು. ಫೋಟೋದಲ್ಲಿ ಅವರ ಮಗಳು ಭೂಮಿಕಾ. ಅವತ್ತು ಅವಳ ವರ್ಷದ ಪುಣ್ಯತಿಥಿ, ನಾವೆಲ್ಲ ಊಟಕ್ಕೆ ಸೇರಿದ್ದೇ ಅದಕ್ಕೆ. ಅಜ್ಜಿ ಈ ಪಾಠ ಕಲಿತದ್ದು ಯಾರಿಂದ ಅಂತ ಆಗ ನನಗೂ ಹೊಳೆಯಿತು.

ಭೂಮಿಕಾ ಹದಿನಾರರ ಹುಡುಗಿ. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನೌಕರ, ಮೂಲ ಗದಗದ ಕಡೆಯವರು, ಒಂದು ಕಾಲಕ್ಕೆ ನಮ್ಮ ಪಕ್ಕದ ಕ್ವಾರ್ಟರ್ಸ್. ಹುಡುಗಿ ಗೆಳತಿಯರ ಜೊತೆ ತೆಲುಗು, ಆಟೋದವರ ಜೊತೆ ಹಿಂದಿ, ಅಜ್ಜಿ ಜೊತೆ ಅಪ್ಪಟ ಗದಗಿನ ಕನ್ನಡ. (ನನ್ನ ಜೊತೆ ಮೂರೂ, ಮೇಲಿಷ್ಟು ಇಂಗ್ಲಿಷು.) ಅಜ್ಜಿಯನ್ನು ‘ಆಯಿ’ ಅನ್ನುತ್ತಿದ್ದಳು, ನನ್ನನ್ನು ‘ಕಾಕು’, ಅಂದರೆ ಚಿಕ್ಕಮ್ಮ. "ಕಾಕು, ನಿಮ್ಮ ಪೇಪರಿನ ಕಾಲಂ ನನ್ನ ಫ್ರೆಂಡ್ಸ್ ಒಬ್ರೂ ಓದಂಗಿಲ್ಲ ನೋಡ್ರಿ" ಅಂತ ಮುಖಕ್ಕೆ ಹೊಡೆದಂತೆ ಹೇಳಿದವಳು. ಕಾಯಿಲೆ ಬಿದ್ದ ಮೇಲೆ ಇನ್ನೊಂದು ಸೇರಿಸಿದಳು: "ನನ್ನ ಬಗ್ಗೆ ಬರದ್ರ ‘ಹೂವಿನಂಥ ಹುಡುಗಿ’ ಅಂತ ಮಾತ್ರ ಬರೀಬ್ಯಾಡ್ರಿ."

ಇಲ್ಲ ತಾಯಿ, ಬರೆಯುವುದಿಲ್ಲ.

ಕಾಯಿಲೆ, ಎಲುಬಿನ ಕ್ಯಾನ್ಸರ್. ಮೊಣಕಾಲಿನಲ್ಲಿ ಶುರುವಾದದ್ದು ಶ್ವಾಸಕೋಶಕ್ಕೆ ಏರಿತ್ತು. ಭೂಮಿಕಾಗೆ ಎಲ್ಲ ಗೊತ್ತಿತ್ತು. (ಕೈಯಲ್ಲಿ ಫೋನ್ ಇರುವ ಹುಡುಗಿಯಿಂದ ಏನನ್ನು ಮುಚ್ಚಿಡಲಾಗುತ್ತದೆ?) ಗೊತ್ತಿಲ್ಲದಿದ್ದದ್ದು ಆಯಿಗೆ ಮಾತ್ರ. ವಯಸ್ಸಾಗಿದೆ, ತಡೆದುಕೊಳ್ಳುವುದಿಲ್ಲ ಅಂತ ಮನೆಮಂದಿಯೆಲ್ಲ ತೀರ್ಮಾನಿಸಿ, ಎಲುಬಿಗೆ ಸೋಂಕು ಅಂತ ಹೇಳಿದ್ದರು. ಕೂದಲು ಉದುರಿದ್ದಕ್ಕೆ ‘ಗುಳಿಗಿ ಭಾಳ ಉಷ್ಣ’ ಎಂಬ ಕಾರಣ.

ಈ ತೆಲುಗು ಊರಿನ ಕನ್ನಡ ಮನೆಗಳಿಗೆ ಒಂದು ಅನುಕೂಲವಿದೆ. ಊರಿಂದ ಬಂದ ಹಿರಿಯರಿಗೆ ತೆಲುಗು ಬರುವುದಿಲ್ಲ. ಕೆಟ್ಟ ಸುದ್ದಿಯಿದ್ದರೆ ಅವರ ಎದುರೇ ತೆಲುಗಿನಲ್ಲಿ ಮಾತಾಡಿ ಮುಗಿಸಬಹುದು. ಬಾಗಿಲು ಹಾಕುವ ಕೆಲಸವೂ ಇಲ್ಲ. ಎಷ್ಟು ಸಲೀಸು, ಅಲ್ಲವೇ?

ಹೋದ ವರ್ಷ ಒಂದು ದಿನ ಭೂಮಿಕಾಳನ್ನು ನೋಡಲು ನಾನೂ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ರೌಂಡ್ಸಿಗೆ ಬಂದು ಮೆಲ್ಲಗೆ ತೆಲುಗಿನಲ್ಲಿ ಹೇಳಿದರು. ಔಷಧ ಕೆಲಸ ಮಾಡುತ್ತಿಲ್ಲ, ಇನ್ನು ನೋವು ಕಡಿಮೆ ಮಾಡುವುದಷ್ಟೇ ಉಳಿದಿರುವುದು, ಮನೆಗೆ ಕರೆದುಕೊಂಡು ಹೋಗಿ ಅಂತ. ಶಿವಾನಂದ ಸುಮ್ಮನೆ ಗೋಣು ಹಾಕಿದ.

"ಏನಂತಾರಪಾ ಡಾಕ್ಟ್ರು?" ಆಯಿ ಕೇಳಿದಳು.

"ಆರಾಮ ಆಗಾಕತ್ತೈತಂತ ಅವ್ವಾ. ಮನಿಗಿ ಕರ್ಕೊಂಡು ಹೋಗ್ರಿ ಅಂದ್ರು."

ಆಯಿಯ ಮುಖ ಅರಳಿತು. ಅವಳೊಂದು ಹರಕೆ ಹೊತ್ತಿದ್ದಳು. ಮೊಮ್ಮಗಳು ಹುಷಾರಾದರೆ ಶ್ರಾವಣ ಪೂರ್ತಿ ಊರಲ್ಲಿದ್ದು ವೀರಭದ್ರನ ಗುಡಿಗೆ, ಹೆಜ್ಜೆಹೆಜ್ಜೆಗೂ ಉದ್ದಕ್ಕೆ ಅಡ್ಡಬಿದ್ದು ಏಳುವ ದೀಡ ನಮಸ್ಕಾರ ಹಾಕುತ್ತೇನೆ ಅಂತ. ಶ್ರಾವಣ ಬಾಗಿಲಿಗೇ ಬಂದಿತ್ತು. "ಹಂಗಾರ ನಾ ನಾಳಿನ ಗಾಡಿಗಿ ಹೊಂಟೆ. ಶ್ರಾವಣ ಮುಗಿಸೇ ಬರ್ತೀನಿ" ಅಂದಳು.

ಅವಳು ಮರಳಿ ಬರುವ ಹೊತ್ತಿಗೆ ಮೊಮ್ಮಗಳು ಇರುತ್ತಾಳೆಯೇ? ಬೇಡ ಅನ್ನಲು ಕಾರಣ ಕೊಡಬೇಕು. ಕಾರಣ ಕೊಡಲು ನಿಜ ಹೇಳಬೇಕು. ಹೇಳುವವರು ಯಾರು?

ಭೂಮಿಕಾ ದಿಂಬಿಗೆ ಕೈಯೂರಿ ಎದ್ದು ಕೂತಳು.

"ಪಪ್ಪಾ, ನೀವ್ ಸುಮ್ನಿರ್ರಿ. ಆಯಿ, ಇಲ್ಲಿ ಬಾ. ಡಾಕ್ಟ್ರು ಹಂಗಂದಿಲ್ಲ. ನನಗ ಕ್ಯಾನ್ಸರ್ ಐತಿ. ಔಷಧ ಹತ್ತವಲ್ದು. ಇನ್ನ ಆರಾಮ ಆಗಂಗಿಲ್ಲಂತ, ನೋವಷ್ಟ ಕಡಿಮಿ ಮಾಡ್ತಾರಂತ." ಸ್ವಲ್ಪ ಉಸಿರು ತೆಗೆದುಕೊಂಡಳು. "ನೀ ಊರಿಗಿ ಹೋಗಬ್ಯಾಡ. ನನ್ನ ಕೂಡ ಇರು."

ಎಲ್ಲೂ ಮೆತ್ತಗೆ ಮಾಡಲಿಲ್ಲ, ಎಲ್ಲೂ ತಡವರಿಸಲಿಲ್ಲ. ತನ್ನದೇ ಸಾವಿನ ಸುದ್ದಿಯನ್ನು ತೆಲುಗಿನಿಂದ ಕನ್ನಡಕ್ಕೆ ತಂದು ಅಜ್ಜಿಯ ಮುಂದಿಟ್ಟಿದ್ದಳು ಹುಡುಗಿ. ಅಂಥ ಧೈರ್ಯವನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ತಾಯಿ ಕುಸಿದು ಬೀಳುತ್ತಾಳೆ ಅಂತ ಶಿವಾನಂದ ಎರಡೂ ಕೈ ಚಾಚಿದ್ದ. ಅವಳು ಬೀಳಲಿಲ್ಲ. ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ವೀರಭದ್ರ ಎಲ್ಲಿಗಿ ಹೋಗ್ತಾನ? ಅಲ್ಲೇ ಇರ್ತಾನ. ನಾ ಇಲ್ಲೇ ಇರ್ತೀನಿ" ಅಂದಳು. ಅಷ್ಟೇ.

ಶ್ರಾವಣ ಮುಗಿಯುವ ಮೊದಲೇ ಭೂಮಿಕಾ ಹೋದಳು.

ಆಯಿ ಊರಿಗೆ ಹೋಗದೆ ಜೊತೆಗೆ ಇರಲಿ ಅಂತ ಅವಳಿಗೆ ನಿಜ ಹೇಳಿದ್ದು, ಅಷ್ಟೇ ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಮೊನ್ನೆ ಫೋನಿನ ಗಲಾಟೆ ಮುಗಿದ ಮೇಲೆ ಆಯಿ ನನ್ನ ಪಕ್ಕ ಕೂತು ಆ ಕೊನೆಯ ವಾರಗಳ ಮಾತು ತೆಗೆದಳು. ಮೊಮ್ಮಗಳ ಮಗ್ಗುಲಲ್ಲೇ ಮಲಗುತ್ತಿದ್ದಳಂತೆ. ಒಂದು ದಿನ ಭೂಮಿಕಾ ಕೇಳಿದಳಂತೆ, "ಆಯಿ, ಸಾಯೂದು ಅಂದ್ರ ಹೆಂಗಿರತೈತಿ?"

"ನೀವೇನ್ ಹೇಳಿದ್ರಿ?" ಅಂದೆ.

"ನಂಗೇನ್ ಗೊತ್ತವ್ವಾ, ನಾನೂ ಹೋಗಿ ನೋಡಿಲ್ಲ ಅಂದೆ. ಅಂಜಿಕಿ ಬಂದ್ರ ನನ್ನ ಎಬ್ಬಸು ಅಂದೆ. ಎಬ್ಬಸ್ತಿದ್ಲು."

ನಾವೆಲ್ಲ ಅವಳ ಮುಂದೆ ಕೂತು ‘ಆರಾಮ ಆಗ್ತೀ, ಧೈರ್ಯ ತಗೋ’ ಅನ್ನುವುದರಲ್ಲೇ ಇದ್ದೆವು. ಅಂಥವರ ಹತ್ತಿರ ಯಾರಾದರೂ ಆ ಪ್ರಶ್ನೆ ಕೇಳುತ್ತಾರಾ? ಹೆದರಿಕೆಯಾದಾಗ ಎಬ್ಬಿಸಲು ಅವಳಿಗೆ ಒಬ್ಬರು ಬೇಕಿತ್ತು. ಎಬ್ಬಿಸಬೇಕಾದರೆ ಅವರಿಗೆ ಮೊದಲು ನಿಜ ಗೊತ್ತಿರಬೇಕಿತ್ತು. ಹದಿನಾರರ ತಲೆಗೆ ಇದು ಹೊಳೆದದ್ದಾದರೂ ಹೇಗೆ? ಯೋಚಿಸಿದಷ್ಟೂ ನಾನು ಬೆರಗಾಗುತ್ತೇನೆ.

ಆಯಿಗೆ ತಡೆದುಕೊಳ್ಳುವ ಶಕ್ತಿಯಿಲ್ಲ ಅಂತ ತೆಲುಗಿನಲ್ಲಿ ಪಿಸುಗುಟ್ಟುತ್ತಿದ್ದೆವಲ್ಲ, ಆ ಶಕ್ತಿ ನಿಜಕ್ಕೂ ಇಲ್ಲದಿದ್ದದ್ದು ಯಾರಿಗೆ?