ಆಸರಿಗೆ ಕೇಳದ ಭೂಲೋಕ

ಶಿರಸಿಯಿಂದ ಯಲ್ಲಾಪುರಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕದ ಅಜ್ಜಿ ತಮ್ಮ ವಾರಪತ್ರಿಕೆಯನ್ನು ನನ್ನ ತೊಡೆಯ ಮೇಲೆ ಹಾಕಿ, “ತಮಾ, ಈ ಕತೆ ಓದು. ಎಂಗಂತೂ ಸಿಟ್ಟು ಬಂತು” ಎಂದರು. ನಿವೃತ್ತನಾದವನನ್ನು ತಮಾ ಎಂದರಲ್ಲ, ಅಲ್ಲೇ ಕರಗಿದೆ.

ಅನ್ಯಗ್ರಹದವರು ಭೂಮಿಗೆ ಇಳಿಯುವ ಕತೆ. ಎರಡು ಪುಟಕ್ಕೇ ನಾನು ಕುಣಿಯುವುದೊಂದು ಬಾಕಿ!

“ಚೊಲೋ ಇದ್ದಲೇ ಅಜ್ಜೀ!”

“ಎಂತ ಚೊಲೋ? ಅಷ್ಟು ದೂರದಿಂದ ಬಂದವಕ್ಕೆ ಆಸರಿಗೆ ಎಂತ ಬೇಕು ಹೇಳಿ ಒಬ್ಬನೂ ಕೇಳಿದ್ನಿಲ್ಲೆ. ಸೀದಾ ಬಂದೂಕು!”

ಮನೆಗೆ ಬಂದವರನ್ನು ಮೊದಲು ಕುಡಿಯಲಿಕ್ಕೆ ಏನು ಬೇಕೆಂದು ಕೇಳದಿದ್ದರೆ ನಮ್ಮಲ್ಲಿ ಅದು ಮನೆಯೇ ಅಲ್ಲ.

“ಅವಕ್ಕೆ ಬಾಯೇ ಇಲ್ಲೆ, ಅಜ್ಜಿ.”

“ಕೇಳಲೆ ನಮಗೆ ಬಾಯಿ ಇದ್ದಲಾ? ಮುಂದಾದ್ರೂ ಕೊಡ್ತ್ವ ನೋಡು. ಇಲ್ದಿದ್ರೆ ಆನು ಓದ್ತ್ನಿಲ್ಲೆ.”

ಓದುತ್ತ ಹೋದೆ. ಭೂಮಿ ಉಳಿಯುತ್ತದೋ ಇಲ್ಲವೋ ಎನ್ನುವಾಗ ಅಜ್ಜಿ ಇಳಿಯುವ ಊರು ಬಂತು.

“ಕೊಟ್ವಾ?”

ಇಲ್ಲವೆಂದಿದ್ದರೆ ಪತ್ರಿಕೆ ನನಗೇ ಉಳಿಯುತ್ತಿತ್ತು. ಆದರೆ ಅಜ್ಜಿಯ ಮುಖ ನೋಡಿ, “ಬೆಲ್ಲ-ನೀರೇ ಕೊಟ್ವು!” ಎಂದುಬಿಟ್ಟೆ.

“ಹಂಗಾದ್ರೆ ಓದ್ಲಕ್ಕು” ಎಂದವರೇ ಪತ್ರಿಕೆ ಕಿತ್ತುಕೊಂಡು ಇಳಿದರು.

ಭೂಮಿ ಉಳಿಯಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅಜ್ಜಿಗೆ ಗೊತ್ತು, ಆದರೆ ಅವರೆದುರು ಹೋಗಿ ಕೇಳುವ ಧೈರ್ಯ ಯಾರಿಗಿದೆ?